ಉಣ್ಣುವ ಹಲಗೆ, ಮಲಗುವ ಹಲಗೆ

ಈ ಕಸುಬಿಗೆ ಬರಬೇಡಿ ಎಂದು ಒಂದೇ ಮಾತು ಬರೆದು ಮುಗಿಸಿಬಿಡಬಹುದಿತ್ತು. ಆದರೆ ಐಟಿಐ ಮುಗಿಸಿಕೊಂಡ ನಮ್ಮ ಓಣಿಯ ಹುಡುಗರು ಬಿಡುತ್ತಿಲ್ಲ. "ಮಾಮಾ, ಲಾರಿ ಬಾಡಿ ಕಟ್ಟಿದ ಕೈ ನಿಮ್ಮದು, ಅನುಭವ ಬರದಿಡ್ರಿ" ಎಂದು ಗಂಟುಬಿದ್ದಿದ್ದಾರೆ. ಏನು ಬರೆಯಲಿ? ಮೊಣಕಾಲು ಹೋದವು. ಎಡಗೈ ಹೆಬ್ಬೆರಳು ಮಡಚುವುದಿಲ್ಲ. ರಾಯಚೂರಿನಲ್ಲಿ ನಾನು ಕೆಲಸ ಕಲಿತ ಶೆಡ್ಡಿನ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ ಇದೆ. ಗಾಜಿನ ಬಾಗಿಲು, ಒಳಗೆ ಎಸಿ. ಲಾರಿಗಳ ಕ್ಯಾಬಿನ್ನು ಹಾಸಿಗೆ, ಫ್ಯಾನಿನ ಸಮೇತ ಕಂಪನಿಯಿಂದಲೇ ತಯಾರಾಗಿ ಬರುತ್ತದೆ. ನಮ್ಮನ್ನು ಕೇಳುವವರು ಯಾರು? ಇಷ್ಟು ಗೊತ್ತಿದ್ದೂ ರಂದಾ ಹಿಡಿದು ಮರ ಕೆರೆಯುತ್ತೇವೆ ಅನ್ನುವುದಾದರೆ ಅದು ನಿಮ್ಮ ಹಣೆಬರಹ. ಓದಿಕೊಳ್ಳಿ.

ನಾನು ಜೀವಮಾನವಿಡೀ ಮಾಡಿದ್ದು ಹೆಚ್ಚುಕಡಿಮೆ ಒಂದೇ ಕೆಲಸ. ಜಾಗವೇ ಇಲ್ಲದ ಕಡೆ ಮನುಷ್ಯನನ್ನು ಮಲಗಿಸುವುದು. ಲಾರಿಯ ಸೀಟಿನ ಹಿಂದೆ, ಜೀಪಿನ ಬೆನ್ನಿಗೆ, ಅಂಗಡಿ ಗಲ್ಲಾದ ಕೆಳಗೆ ಎಲ್ಲೆಲ್ಲಿ ಸಂದು ಸಿಗುತ್ತದೋ ಅಲ್ಲಲ್ಲಿ ಮಡಚುವ, ಬಿಚ್ಚುವ, ಎಳೆಯುವ ಹಲಗೆ ಕೂಡಿಸಿ ಯಾರದೋ ನಿದ್ದೆಗೆ ದಾರಿ ಮಾಡಿದ್ದೇನೆ. ನನ್ನ ಹೆಸರು ಮರಿಯಪ್ಪ. ಅಪ್ಪ ಮಾನ್ವಿ ತಾಲ್ಲೂಕಿನಲ್ಲಿ ಭತ್ತದ ಗದ್ದೆಯ ಕೂಲಿ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಬಂದದ್ದು ನನ್ನ ತಲೆಮಾರಿನಲ್ಲಿ. ಅದಕ್ಕೂ ಮೊದಲು ಚಹಾದ ಅಂಗಡಿಯಲ್ಲಿ ನಮ್ಮ ಗ್ಲಾಸು ಬೇರೆ ಇರುತ್ತಿತ್ತು. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ನನಗೆ ಉಳಿ ಹಿಡಿಯಲು ಕಲಿಸಿದವರು ಉಸ್ತಾದ್ ಖಾದರ್ ಸಾಬರು. ದೊಡ್ಡ ಬಾಯಿ, ಸಣ್ಣ ಕೋಪ. ಮಲಗುವ ಜಾಗ ಮಾಡಿಸಲು ಬಂದ ಡ್ರೈವರನನ್ನು ಶೆಡ್ಡಿನ ನೆಲದ ಮೇಲೆ ಉದ್ದಕ್ಕೆ ಮಲಗಿಸುತ್ತಿದ್ದರು. ಸೀಮೆಸುಣ್ಣದಿಂದ ಸುತ್ತಲೂ ಗೆರೆ ಎಳೆಯುತ್ತಿದ್ದರು. ಆ ಗೆರೆಯೇ ಅಳತೆ. ಟೇಪು ಹಿಡಿದರೆ ಬೈಗುಳ.

"ಲೇ ಬೇಟಾ, ಟೇಪಿಗೆ ಏನ್ ಗೊತ್ತದ? ಮೊದಲು ಆತನ ಕಾಲು ಎತ್ತ ಬರ್ತಾವ ಕೇಳು."

ಈ ಮಾತು ನನಗೆ ತಲೆಗೆ ಹತ್ತಿದ್ದು ಒಂದು ಹತ್ತಿ ಲಾರಿಯಿಂದ. ಮಾಲೀಕ ಹೊಸ ನಮೂನೆ ಬೇಕು ಎಂದ. ನಾನೂ ಹುಮ್ಮಸ್ಸಿನಲ್ಲಿ ಸೀಟಿನ ಮೇಲಕ್ಕೆ ಮುಂದೆ ಚಾಚುವ ಹಾಸಿಗೆ ಕಟ್ಟಿದೆ. ಹಲಗೆ ಗಟ್ಟಿ, ರೆಕ್ಸಿನ್ ಥಳಥಳ. ಡ್ರೈವರ್ ಬಂದವನು ಮೆಟ್ಟಿಲ ಮೇಲೆ ನಿಂತು ಇಣುಕಿ ನೋಡಿ ಇಳಿದುಬಿಟ್ಟ.

"ಮುಂದ ದೇವರ ಫೋಟೋ ಅದ. ನಾ ದೇವರ ಕಡೀ ಕಾಲ್ ಚಾಚಿ ಮಲಕ್ಕೊಬೇಕೇನು? ಒಲ್ಲೆಪ್ಪಾ ಒಲ್ಲೆ."

"ಫೋಟೋ ಬ್ಯಾರೆ ಕಡಿ ಹಚ್ಚಿದ್ರ ಆತು" ಎಂದೆ ನಾನು.

ಉಸ್ತಾದರು ನನ್ನ ತಲೆಗೆ ಮೊಟಕಿದರು. "ದೇವರನ್ನ ಎಬ್ಬಸ್ತೀಯೇನು ಹುಚ್ಚಾ? ಹಲಗಿ ಬಿಚ್ಚು." ಪೂರಾ ಬಿಚ್ಚಿಸಿದರು. ಅವತ್ತು ಸಂಜೆ ಚಹಾ ಕುಡಿಸುತ್ತ, "ಗಟ್ಟಿ ಹಲಗಿ ಯಾರರ ಮಾಡ್ತಾರ. ಮಲಕ್ಕೊಂಡ ಮನಶ್ಯಾಗ ಸಮಾಧಾನ ಇಲ್ಲಂದ್ರ ಅದು ಹಾಸಿಗಿ ಅಲ್ಲ" ಎಂದರು. ನಾನು ತಲೆ ಆಡಿಸಿದೆ. ಅರ್ಥವಾಯಿತು ಅಂದುಕೊಂಡೆ.

ಆಮೇಲೆ ತೇಗ ಹೋಗಿ ಪ್ಲೈವುಡ್ ಬಂತು, ಪ್ಲೈವುಡ್ ಹೋಗಿ ತಗಡು ಬಂತು. ಕಾಯರ್ ಹಾಸಿಗೆಯ ಬದಲು ಫೋಮ್ ಬಂತು. ಸ್ಕ್ರೂ ತಿರುಗಿಸುವ ಮಷಿನ್ನು ಬಂದ ಮೇಲೆ ಮಣಿಕಟ್ಟಿನ ಜೋರು ಯಾರಿಗೂ ಬೇಡವಾಯಿತು. ಉಸ್ತಾದರು ತೀರಿಕೊಂಡರು. ಶೆಡ್ಡಿನ ಜಾಗ ಮಾರಾಟವಾಯಿತು. ನಾನು ಮನೆಯ ಮುಂದೆ ತಟ್ಟಿ ಕಟ್ಟಿಕೊಂಡು ಆಟೋ ಸೀಟು, ಶಾಲೆಯ ಬೆಂಚು ಅಂತ ಕೈಗೆ ಸಿಕ್ಕಿದ್ದು ಮಾಡುತ್ತ ಕೂತೆ. ಇನ್ನು ಸಾಕು, ಕೈ ತೊಳೆದುಕೊಳ್ಳೋಣ ಅನ್ನುವಷ್ಟರಲ್ಲಿ ಮಾನ್ವಿಯ ವೀರಭದ್ರಪ್ಪ ಸಾಹುಕಾರರ ಫೋನು ಬಂತು. ಅವರದು ಅಕ್ಕಿ ಗಿರಣಿ. ಅವರ ಲಾರಿಗಳಿಗೆಲ್ಲ ಬಾಡಿ ಕಟ್ಟಿದವನು ನಾನೇ.

"ಮರಿಯಪ್ಪ, ಒಂದು ಬೋಟ್ ತಂದೀನಿ. ಅದರಾಗಿನ ಹಾಸಿಗಿ ಮುರದದ. ಹೊಳಿ ದಂಡೀ ಮ್ಯಾಲಿನ ಗೂಗಲ್ಲಿಗೆ ಬಾ."

"ಏನ್ರೀ ಸಾವ್ಕಾರ್ರೇ, ಬೋಟಾ? ಅಕ್ಕಿ ಗಿರಣಿಯೋರಿಗೆ ಬೋಟ್ ಯಾಕ್ರೀ?"

"ಬಾ ಅಂದ್ರ ಬಾ. ಹಲ್ಲು ಕಿಸೀಬ್ಯಾಡ."

ಹೋದ ಮೇಲೆ ನಗು ಬರಲಿಲ್ಲ. ಸಾಹುಕಾರರ ಹೆಂಡತಿ ಗೌರಮ್ಮನವರ ತವರು ಗೂಗಲ್. ಅವರಿಗೆ ಬೆನ್ನುಹುರಿಯ ಬೇನೆ. ರಾಯಚೂರು, ಹೈದರಾಬಾದು ಎಲ್ಲ ಸುತ್ತಿ ಬಂದಾಗಿತ್ತು, ಡಾಕ್ಟರುಗಳು ಕೈ ಚೆಲ್ಲಿದ್ದರು. ಅವ್ವಾರಿಗೆ ಕೂಡಲು ಆಗುತ್ತಿರಲಿಲ್ಲ. ದಿಂಬಿಗೆ ಒರಗಿ ಎರಡು ತುತ್ತು ಉಣ್ಣುವಷ್ಟು ಹೊತ್ತು ಹೇಗೋ ತಡೆಯುತ್ತಿದ್ದರು, ಅಷ್ಟೇ. ಮಲಗಿದರೆ ನಿದ್ದೆ ಇಲ್ಲ. ತಿಂಗಳುಗಟ್ಟಲೆ ಕಣ್ಣು ಮುಚ್ಚದ ಹೆಣ್ಣುಮಗಳ ಮುಖ ಹೇಗಿರುತ್ತದೆ ಎಂದು ನಾನು ಬರೆಯಲಾರೆ.

ತವರಿಗೆ ಬಂದಾಗ ಹೊಳೆಯ ಅಂಬಿಗ ಹುಸೇನಪ್ಪ ಒಂದು ದಿನ ಅವರನ್ನು ಹರಗೋಲಿನಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಒಂದು ಸುತ್ತು ಹೋಗಿದ್ದನಂತೆ. ಕೃಷ್ಣೆಯ ಮೇಲೆ ಅವ್ವಾರು ನಿದ್ದೆ ಹೋದರಂತೆ. ಹುಸೇನಪ್ಪ ಹುಟ್ಟು ಎತ್ತದೆ ಉಸಿರು ಬಿಗಿಹಿಡಿದು ಕೂತಿದ್ದನಂತೆ.

"ನೀರು ತೂಗತದಲ್ರೀ. ತೊಟ್ಟಲದಾಗ ಹಾಕಿದಂಗ ಆತು ಅವ್ವಾರಿಗೆ" ಎಂದು ನನಗೆ ಹೇಳಿದ. ಆದರೆ ಹರಗೋಲು ದುಂಡಗೆ. ಅದರಲ್ಲಿ ಮೈ ಮುದುಡಿಕೊಂಡೇ ಇರಬೇಕು. ನೆತ್ತಿಯ ಮೇಲೆ ಬಿಸಿಲು. ಸಾಹುಕಾರರು ಗೋವಾಕ್ಕೆ ಹೋಗಿ, ಯಾರೋ ಬಳಸಿ ಬಿಟ್ಟ ಸಣ್ಣ ವಿಹಾರದ ಬೋಟು ಕೊಂಡು ಲಾರಿಯ ಮೇಲೆ ಹೇರಿಸಿಕೊಂಡು ಬಂದಿದ್ದರು. ಹುಸೇನಪ್ಪ ಅದರ ಎಂಜಿನ್ ನಡೆಸಲು ಕಲಿತಿದ್ದ. ಹೆಂಡತಿ ನೀರಿನ ಮೇಲೆ ಕಾಲು ಚಾಚಿ ಮಲಗಿ ಕಣ್ತುಂಬ ನಿದ್ದೆ ಮಾಡಬೇಕು. ಇಷ್ಟೇ ಆ ಮನುಷ್ಯನಿಗೆ ಬೇಕಾದದ್ದು.

ಬೋಟಿನ ಒಳಗೆ ಒಂದು ಸಣ್ಣ ಕೋಣೆ. ಎದುರುಬದುರು ಎರಡು ಬೆಂಚು, ನಡುವೆ ಒಂಟಿ ಕಾಲಿನ ಮೇಜು. ಹಗಲು ಅದರ ಮೇಲೆ ಊಟ. ಮಲಗುವಾಗ ಕಾಲು ಕಿತ್ತು, ಮೇಜಿನ ಹಲಗೆಯನ್ನು ಕೆಳಗಿಳಿಸಿ, ಎರಡೂ ಬೆಂಚುಗಳ ಅಂಚಿಗೆ ಇರುವ ಪಟ್ಟಿಗಳ ಮೇಲೆ ಕೂಡಿಸಬೇಕು. ಬೆಂಚು, ಹಲಗೆ, ಬೆಂಚು ಸೇರಿ ಒಂದು ಹಾಸಿಗೆ. ಹಲಗೆಯ ತಳಕ್ಕೆ ಎರಡು ರಿಪೀಸು, ಅಂದರೆ ಉದ್ದನೆಯ ಸಣ್ಣ ಮರದ ತುಂಡು, ಹೊಡೆದಿರುತ್ತಾರೆ. ಅವು ಪಟ್ಟಿಗಳ ಒಳಮಗ್ಗುಲಿಗೆ ಕಚ್ಚಿಕೊಂಡು ಹಲಗೆ ಅತ್ತಿತ್ತ ಜಾರದಂತೆ ಹಿಡಿಯುತ್ತವೆ. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ನನ್ನ ಲಾರಿ ಹಾಸಿಗೆಯ ತಮ್ಮನೇ ಇದು.

ಬೆಂಚಿನ ಅಂಚಿನ ಪಟ್ಟಿ ಕೊಳೆತು ಹಿಟ್ಟಾಗಿತ್ತು. ಅದಕ್ಕೇ ಮುರಿದಿದೆ. ಉಸ್ತಾದರ ಮಾತು ನೆನಪಾಗಿ ಕಾಲು ಎತ್ತ ಎಂದು ಕೇಳಿದೆ. ಬಾಗಿಲ ಕಡೆ ಎಂದರು. ಉತ್ತರಕ್ಕೆ ತಲೆ ಹಾಕಬಾರದೆಂಬ ಮಾತು ಬೋಟಿನಲ್ಲಿ ನಡೆಯುವುದಿಲ್ಲ, ಅದು ತಿರುಗಿದಂತೆ ದಿಕ್ಕೂ ತಿರುಗುತ್ತದೆ. ಆದರೆ ಸಾಹುಕಾರರ ಹೆಂಡತಿಯನ್ನು ನೆಲದ ಮೇಲೆ ಮಲಗಿಸಿ ಸುತ್ತ ಗೆರೆ ಎಳೆಯಲಾದೀತೇ? ಅದೂ ನಾನು? ಬೋಟಿನ ಅಳತೆ ತೆಗೆದುಕೊಂಡು ತೇಗದ ಹೊಸ ಪಟ್ಟಿ ಹಾಕಿದೆ. ಮೇಜಿನ ಮುಖ ಉಜ್ಜಿ ಪಾಲಿಶ್ ಮಾಡಿದೆ. ಹಲಗೆ ಇಳಿಸಿ ಮೇಲೆ ಮಲಗಿ ಹೊರಳಾಡಿ, ಎದ್ದು ಕುಣಿದೂ ನೋಡಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ.

ವಾರ ಕಳೆಯುವುದರೊಳಗೆ ಫೋನು. "ಬಿತ್ತಲ್ಲೋ ನಿನ್ನ ಹಲಗಿ!"

ಅವ್ವಾರು ಮಧ್ಯಾಹ್ನ ಉಂಡು ಮಲಗಿದ್ದಾಗ, ಮೀನು ಹಿಡಿಯುವವರ ತೆಪ್ಪ ಹಾದು ಹೋದ ಅಲೆಗೆ ಬೋಟು ವಾಲಿದೆ. ಹಲಗೆ ಒಂದು ಕಡೆ ಜಾರಿ ಇನ್ನೊಂದು ಕಡೆಯ ಅಂಚು ಪಟ್ಟಿ ಬಿಟ್ಟು ಕೆಳಗೆ ಇಳಿದುಬಿಟ್ಟಿದೆ. ಅವರ ಸೊಂಟಕ್ಕೆ ಪೆಟ್ಟು. ನಾನು ಓಡಿದೆ. ಹಲಗೆ, ಪಟ್ಟಿ, ರಿಪೀಸು ಎಲ್ಲ ನೆಟ್ಟಗಿವೆ! ಮತ್ತೆ ಮಲಗಿ ನೋಡಿದೆ, ಹುಸೇನಪ್ಪನನ್ನೂ ಮಲಗಿಸಿದೆ. ಏನೂ ಇಲ್ಲ. ಇರಲಿ ಎಂದು ಪಟ್ಟಿಯನ್ನು ಇನ್ನೂ ಅಗಲ ಮಾಡಿ, ಅದಕ್ಕೂ ಪಾಲಿಶ್ ಹೊಡೆದು ಬಂದೆ. ಮತ್ತೆ ಬಿತ್ತು.

ಈ ಸಲ ಸಾಹುಕಾರರು ಕೂಗಾಡಲಿಲ್ಲ. ಹೊಳೆಯ ದಂಡೆಗೆ ನಿಂತು ಮೆಲ್ಲಗೆ ಹೇಳಿದರು.

"ಮರಿಯಪ್ಪ, ಲಾರಿ ಡ್ರೈವರ್ ಬಿದ್ರ ಎದ್ದು ಮೈ ಝಾಡಿಸ್ಕೊಂತಾನ. ಅಕಿ ಬಿದ್ರ ಏಳಂಗಿಲ್ಲೋ. ನಿನ್ನಿಂದ ಆಗಂಗಿಲ್ಲಂದ್ರ ಹೇಳಿಬಿಡು. ನಾ ಬ್ಯಾರೆ ಯಾರನ್ನರ ಕರಸ್ತೀನಿ. ಅಕೀಗೆ ಟೈಮ್ ಇಲ್ಲ."

ಬೈದಿದ್ದರೆ ಉಂಡು ಮಲಗುತ್ತಿದ್ದೆ. ಈ ಮಾತು ಎದೆಯಲ್ಲಿ ಕೂತುಬಿಟ್ಟಿತು. ಇಷ್ಟು ವರ್ಷ ಮಾಡಿದ್ದೆಲ್ಲ ಸುಳ್ಳೇ? ಎಷ್ಟು ಡ್ರೈವರುಗಳು ನನ್ನ ಹಲಗೆಯ ಮೇಲಿಂದ ಬಿದ್ದು ನನಗೆ ಹೇಳದೆ ಹೋಗಿರಬಹುದು? ಊಟ ಸೇರಲಿಲ್ಲ. ನನ್ನ ಹೆಂಡತಿ, "ಒಂದು ಹಲಗೀಗೆ ಇಷ್ಟು ಸೊರಗ್ತಾರೇನು?" ಎಂದಳು. ಅವಳಿಗೇನು ಹೇಳುವುದು? ಹಲಗೆ ಬಿದ್ದರೆ ಬೀಳಲಿ, ಅದರ ಮೇಲೆ ಬೀಳಬಾರದವರು ಮಲಗಿದ್ದರು.

ನಾಲ್ಕನೆಯ ಸಲ ಯಾರಿಗೂ ಹೇಳದೆ ಹೋದೆ. ದೇವದುರ್ಗದ ಬಸ್ಸಿಳಿದು ಟಂಟಂ ಆಟೋ ಹತ್ತಿ ಗೂಗಲ್ಲಿನ ದಂಡೆಗೆ ಮುಟ್ಟಿದಾಗ ಊಟದ ಹೊತ್ತು ಮುಗಿದಿತ್ತು. ಅಲ್ಲಮಪ್ರಭು ಗುಡಿಯ ಕಡೆಯಿಂದ ಯಾರೋ ಗಂಟೆ ಬಾರಿಸುತ್ತಿದ್ದರು. ಬೋಟು ದಡಕ್ಕೆ ಕಟ್ಟಿತ್ತು. ಉಂಡು ಮುಗಿಸಿದ ಅವ್ವಾರನ್ನು ದಂಡೆಯ ಮೇಲಿನ ಬೇವಿನ ನೆರಳಿಗೆ ಹೊರಸಿನ ಮೇಲೆ ಇಳಿಸಿದ್ದರು. ಒಳಗೆ ಹುಸೇನಪ್ಪ ಹಾಸಿಗೆ ತಯಾರು ಮಾಡುತ್ತಿದ್ದ. ನಾನು ಕಿಟಕಿಯಿಂದ ನೋಡುತ್ತ ನಿಂತೆ. ಮೇಜಿನ ಮೇಲೆ ನೀರು ಹಾಕಿ ತೊಳೆದ. ಬಟ್ಟೆಯಿಂದ ಒರೆಸಿದ. ಎರಡೂ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಕಾಲು ಕಿತ್ತ. ಆಮೇಲೆ ಹಲಗೆಯನ್ನು ಬೋರಲು ಮಗುಚಿ ಪಟ್ಟಿಯ ಮೇಲೆ ಇಟ್ಟು, ಮೇಲೆ ದಪ್ಪ ಕೌದಿ ಹಾಸಿದ.

"ಲೇ ಹುಸೇನಪ್ಪಾ! ಏನ್ ಮಾಡಾಕತ್ತೀಯೋ ಮಾರಾಯಾ!"

ಅವನು ಬೆಚ್ಚಿಬಿದ್ದ. ಹಲಗೆ ಬೋರಲು ಬಿದ್ದರೆ ರಿಪೀಸು ಮೇಲಕ್ಕೆ ಬರುತ್ತವೆ, ನಾನು ಪಾಲಿಶ್ ಹೊಡೆದ ನುಣುಪು ಮುಖ ನಾನು ಪಾಲಿಶ್ ಹೊಡೆದ ನುಣುಪು ಪಟ್ಟಿಯ ಮೇಲೆ ಕೂಡುತ್ತದೆ. ಕಚ್ಚಿ ಹಿಡಿಯಲು ಏನೂ ಇಲ್ಲ. ಬೋಟು ಒಂದಿಷ್ಟು ವಾಲಿದರೆ ಸಾಕು. ನಾನು ಎಷ್ಟು ಗಟ್ಟಿ ಮಾಡಿದೆನೋ ಅಷ್ಟು ಜಾರು ಮಾಡಿದ್ದೆ.

"ಅವ್ವಾರು ಹೇಳ್ಯಾರ್ರೀ ಹಿಂಗ ಹಾಕಂತ. ಎದ್ದ ಕೂಡಲೆ ಮತ್ತ ಸರಿ ಮಾಡಿ ಇಡ್ತೀನಿ. ಯಾರಿಗೂ ಹೇಳಬ್ಯಾಡ ಅಂದಾರ."

"ಯಾಕ?"

ಹುಸೇನಪ್ಪ ನೆಲ ನೋಡಿದ. ಆ ನೆಲ ನೋಡುವುದನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ನನ್ನ ಮೈಯೆಲ್ಲ ಉರಿದುಹೋಯಿತು. ಮೇಜಿನ ಮುಖ ಉಜ್ಜಿದ್ದು ನಾನು, ಅಂಗೈಯಿಂದ ತೀಡಿ ತೀಡಿ ಪಾಲಿಶ್ ಮಾಡಿದ್ದು ನಾನು. ಅದಕ್ಕೇ ತೊಳೆಯುತ್ತಾರೆ, ಅದಕ್ಕೇ ಬೋರಲು ಹಾಕುತ್ತಾರೆ. ಗ್ಲಾಸು ಹೋಗಿ ಈಗ ಹಲಗೆ ಬಂತು ಅಂದುಕೊಂಡೆ. ಚೀಲ ಅಲ್ಲೇ ಬಿಸಾಕಿ ಬೇವಿನ ಮರದ ಹತ್ತಿರ ಹೋಗಿ ಕೇಳಿಯೇಬಿಟ್ಟೆ.

"ಯವ್ವಾ, ನನ್ನ ಕೈ ಹತ್ತಿದ ಮುಖ ಅಂತ ಹಲಗಿ ಬೋರಲ ಹಾಕಸ್ತೀರೇನು?"

ಗೌರಮ್ಮನವರು ಕಣ್ಣು ತೆರೆದು ನೋಡಿದರು. ಮೊದಲು ಅರ್ಥವಾಗಲಿಲ್ಲ ಅವರಿಗೆ. ಆಮೇಲೆ ಕಣ್ಣಲ್ಲಿ ನೀರು ಬಂತು.

"ಶಿವಾ ಶಿವಾ. ಯಾಕೋ ತಮ್ಮಾ ಇಂಥಾ ಮಾತಾಡ್ತಿ? ನೀ ಉಜ್ಜಿದ ಮುಖದ ಮ್ಯಾಲೇ ದಿನಾ ಉಣ್ಣಾಕತ್ತೀನಿ. ಮಲಕ್ಕೊಂಡ್ರ ಅದರ ಮ್ಯಾಲ ಕಾಲ್ ಬರ್ತಾವಲ್ಲೋ. ಉಣ್ಣೋ ಹಲಗೀಗೆ ಕಾಲ್ ಹೆಂಗ ಇಡ್ಲಿ?"

ಅವರದು ನೆಲದ ಮೇಲೆ ಕೂತು, ತಾಟನ್ನು ಸಣ್ಣ ಅಡ್ಡಣಿಗೆಯ ಮೇಲೆ ಇಟ್ಟು, ಲಿಂಗಕ್ಕೆ ತೋರಿಸಿ ಉಣ್ಣುವ ಮನೆತನ. ತಾಟು ತೊಳೆದ ನೀರನ್ನೂ ಚೆಲ್ಲದೆ ಕುಡಿಯುವ ಜನ.

"ಕೆಳಗ ಕುಂದ್ರೂದು ಹೋತು. ಈಗ ನನಗ ಈ ಹಲಗೀನೇ ಅಡ್ಡಣಿಗಿ. ಅಡ್ಡಣಿಗಿ ತುಳಿದು ಮಲಕ್ಕೊಂಡ್ರ ನಿದ್ದಿ ಬರ್ತದೇನು ಹೇಳು?"

"ಅದನ್ನ ನನಗ ಹೇಳಬೇಕಿಲ್ಲೇನವ್ವಾ? ಹಲಗಿ ಬೀಳಾಕತ್ತಿದ್ದು ಅದಕ್ಕೇ."

"ಸಾವ್ಕಾರ್ರು ನನಗಂತ ಇಷ್ಟೆಲ್ಲಾ ಮಾಡ್ಯಾರ. ಅದರಾಗ ಮತ್ತೊಂದು ತಕರಾರ್ ಯಾಕಂತ ಸುಮ್ಮಕಿದ್ದೆ. ಹೊಳಿ ಅಲೀಗೆ ಬೀಳಾಕತ್ತದ ಅಂದ್ಕೊಂಡಿದ್ದೆ" ಎಂದರು. ಆಮೇಲೆ, "ನಾನೇ ನನ್ನ ಬೀಳಸ್ಕೊಂಡಂಗ ಆತಲ್ಲೋ" ಎಂದು ನಗಲು ನೋಡಿದರು.

ಅವತ್ತೇ ಪಕ್ಕಕ್ಕೆ ಎರಡು ಚಿಲಕ ಹೊಡೆದು ಹಲಗೆ ಜಾರದಂತೆ ಮಾಡಬಹುದಿತ್ತು. ಆದರೆ ಮೇಲೆದ್ದ ರಿಪೀಸುಗಳು ಕೌದಿಯೊಳಗಿಂದಲೂ ಅವರ ಬೆನ್ನಿಗೆ ಒತ್ತುತ್ತಿದ್ದವು. ಬೇನೆ ಇದ್ದ ಜಾಗಕ್ಕೇ. ಇಷ್ಟು ದಿನ ಅದನ್ನೂ ಹಲ್ಲು ಕಚ್ಚಿ ಸಹಿಸಿದ್ದರು. ನಾನೇ ಹೇಳಿದೆ: ಉಣ್ಣುವುದಕ್ಕೆ ಇದು ಇರಲಿ, ಮಲಗುವುದಕ್ಕೆ ಬೇರೆ ಹಲಗೆ ಮಾಡಿ ತರುತ್ತೇನೆ, ಅದರ ಮೇಲೆ ಯಾರೂ ಉಣ್ಣುವುದಿಲ್ಲ.

ಅವರ ಮುಖ ಅರಳಿತು. "ಹಂಗಾರ ಅಳತಿ ತಗೋ" ಎಂದರು. ಹೊರಸಿನ ಮೇಲೆ ಹಾಸಿದ ಚಾದರಕ್ಕೇ ಸೀಮೆಸುಣ್ಣದಿಂದ ತಲೆಯ ಕಡೆ ಒಂದು, ಕಾಲಿನ ಕಡೆ ಒಂದು ಗುರುತು ಹಾಕಿದೆ. ಉಸ್ತಾದರು ನನ್ನ ಹಿಂದೆಯೇ ನಿಂತಂತೆ ಆಯಿತು.

"ಕಾಲಿನ ಕಡಿ ಇನ್ನೊಂದೀಟು ಬಿಡು ತಮ್ಮಾ" ಎಂದರು ಅವ್ವಾರು. "ಬ್ಯಾನಿ ಬಂದಾಗಿಂದ ಮುದುಡಿಕೊಂಡೇ ಬಿದ್ದೀನಿ. ನೀರಿನ ಮ್ಯಾಲ ಒಮ್ಮೆರ ಕಾಲ್ ಚಾಚಿ ಮಲಕ್ಕೊಬೇಕು. ಕುಂದ್ರು ಅಂತ ಮಾತ್ರ ಯಾರೂ ಅನ್ನಬ್ಯಾಡ್ರಿ. ಕುಂತ್ರ ಜೀವ ಹೋದಂಗ ಆಗ್ತದ."

ಕಾಲಿನ ಕಡೆಯ ಗುರುತನ್ನು ಅಳಿಸಿ ಒಂದು ಗೇಣು ಆಚೆ ಹಾಕಿದೆ.

ರಾಯಚೂರಿಗೆ ಬಂದವನೇ ಕೆಡವಿದ ಹಳೆಯ ಮನೆಯೊಂದರ ತೇಗದ ಬಾಗಿಲು ಹುಡುಕಿ ತಂದೆ. ಒಣಗಿ ಒಣಗಿ ಸತ್ತ ಮರ, ಇನ್ನು ಬಾಗುವುದಿಲ್ಲ. ಬಡಿಗತನದಲ್ಲಿ ನಾನು ಅಷ್ಟು ಮನಸ್ಸಿಟ್ಟು ರಂದಾ ಹೊಡೆದದ್ದು ಇನ್ನೊಂದಿಲ್ಲ. ಅಂಚು ದುಂಡಗೆ ಮಾಡಿದೆ. ತಳಕ್ಕೆ ಮಾತ್ರ ರಿಪೀಸು. ಮೇಲ್ಮುಖಕ್ಕೆ ಪಾಲಿಶ್ ಹಚ್ಚಲಿಲ್ಲ, ಕೈಯಿಂದ ಉಜ್ಜಿ ಬಿಟ್ಟೆ. ಅದರ ಮೇಲೆ ನಾನು ಮಲಗಿ ನೋಡಲೂ ಇಲ್ಲ. ಮೊದಲು ಅವರೇ ಮಲಗಲಿ ಎನ್ನಿಸಿತು. ಟೆಂಪೋದವನಿಗೆ ಹೇಳಿ, ಹಲಗೆಗೆ ಗೋಣಿ ಸುತ್ತುತ್ತಿದ್ದೆ. ಹುಸೇನಪ್ಪನ ಫೋನು ಬಂತು.

"ಅವ್ವಾರು ಹೋದ್ರೀ. ಮಾನ್ವಿಗೆ ಒಯ್ದಾರ. ನೀವು ಅಲ್ಲಿಗೇ ಬರಬೇಕಂತ. ಹಲಗಿ ತಗೊಂಡು ಬರ್ರಿ ಅಂದಾರ ಸಾವ್ಕಾರ್ರು."

ಹಲಗೆ ಯಾಕೆ ಎಂದು ಕೇಳುವಷ್ಟರಲ್ಲಿ ಅವನು ಅಳತೊಡಗಿದ. ಟೆಂಪೋದ ಹಿಂದೆ ಹಲಗೆಯ ಪಕ್ಕ ಕೂತು ಮಾನ್ವಿಗೆ ಹೋದೆ. ದಾರಿಯುದ್ದಕ್ಕೂ, ಹಲಗೆ ಅವರನ್ನು ಮಲಗಿಸಲು ಇರಬೇಕು, ಮೊದಲ ಸಲ, ಕೊನೆಯ ಸಲ ಆದರೂ ಇದರ ಮೇಲೆ ಮಲಗಿಸುತ್ತಾರೆ ಅಂದುಕೊಳ್ಳುತ್ತಿದ್ದೆ. ಹುಡುಗರೇ, ನಾನು ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವನು. ಅವರ ಮನೆತನದ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ಆದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಅಂಗಳದಲ್ಲಿ ಭಜನೆ ನಡೆದಿತ್ತು. ಗೌರಮ್ಮನವರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಹಸಿರು ಇಳಕಲ್ ಸೀರೆ, ಕುತ್ತಿಗೆಯಲ್ಲಿ ಹೂವು. ಬೆನ್ನು ಬಾಗಬಾರದೆಂದು ಎದೆಗೆ ವಸ್ತ್ರ ಸುತ್ತಿ ಹಿಂದಿನ ಮೊಳೆಗೆ ಕಟ್ಟಿದ್ದರು. ಕಾಲು ಮಡಚಿ ಪದ್ಮಾಸನ ಹಾಕಿಸಿದ್ದರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸಿಯೇ ಒಯ್ಯುತ್ತಾರೆ, ಕೂಡಿಸಿಯೇ ಮಣ್ಣಿಗೆ ಇಳಿಸುತ್ತಾರೆ. ನನಗೆ ಕಣ್ಣು ಎತ್ತಲಾಗಲಿಲ್ಲ.

ಸಾಹುಕಾರರು ಎದ್ದು ಬಂದು ಗೋಣಿ ಬಿಚ್ಚಿಸಿದರು. ಹಲಗೆಯ ಮೇಲೆ ಕೈಯಾಡಿಸಿದರು. ಅಂಗಳದ ಮೂಲೆಯಲ್ಲಿ ಅವ್ವಾರನ್ನು ಕೂಡಿಸಿ ಒಯ್ಯಲು ಬಿದಿರಿನ ವಿಮಾನ ಕಟ್ಟುತ್ತಿದ್ದರು.

"ಅಕೀಗಂತ ಮಾಡಿದ್ದು ಇದು. ಬ್ಯಾರೆ ಹಲಗಿ ಯಾಕ? ಇದರ ಮ್ಯಾಲೇ ಕುಂದ್ರಸೋಣು" ಎಂದರು. "ವಿಮಾನದಾಗ ಹಿಡ್ಯಂಗಿಲ್ಲ, ಉದ್ದ ಆಗ್ತದ. ಕೊಯ್ದು ಕೊಡು ಮರಿಯಪ್ಪ."

"ಸಾವ್ಕಾರ್ರೇ, ಅವ್ವಾರು ಇದನ್ನ ಮಲಕ್ಕೊಳ್ಳಾಕ..." ಎಂದೆ.

"ಗೊತ್ತದೋ" ಎಂದರು ಅವರು. "ನನಗೇನ್ ಗೊತ್ತಿಲ್ಲೇನು? ಕೊಯ್ಯಿ."

ಚೀಲದಿಂದ ಗರಗಸ ತೆಗೆದೆ. ಹುಸೇನಪ್ಪ ಒಂದು ತುದಿ ಹಿಡಿದ. ಮೊದಲ ಎಳೆತಕ್ಕೆ ಭಜನೆಯವರ ತಾಳ ತಪ್ಪಿತು. ತಲೆಯ ಕಡೆಯ ತುಂಡು ಅವರ ಕೆಳಗೆ ಹೋಯಿತು. ಅದರ ಮೇಲೆ ಅವರನ್ನು ನೆಟ್ಟಗೆ ಕೂಡಿಸಿ, ಅಲುಗದಂತೆ ಕಟ್ಟಿ, ಎತ್ತಿಕೊಂಡು ಹೊರಟರು. ಆ ಸಲ ಹಲಗೆ ಜಾರಲಿಲ್ಲ.

ಅವತ್ತಿನಿಂದ ನಾನು ಉಪಕರಣ ಮುಟ್ಟಿಲ್ಲ. ಬೋಟು ಗೂಗಲ್ಲಿನ ದಡದಲ್ಲಿ ಮಗುಚಿ ಬಿದ್ದಿದೆಯಂತೆ. ಕೊಯ್ದು ಉಳಿದ ತುಂಡು ಯಾರಿಗೂ ಬೇಡವಾದಾಗ ಅದನ್ನು ಮನೆಗೆ ತಂದು ಗೋಡೆಗೆ ಒರಗಿಸಿದೆ. ನನ್ನ ಹೆಂಡತಿ ಒಮ್ಮೆ ರೊಟ್ಟಿ ಬಡಿಯಲು ಬರುತ್ತದೆ ಎಂದು ಎತ್ತಿಕೊಂಡಳು. ಕಿರುಚಿಬಿಟ್ಟೆ. ಅವ್ವಾರು ಕಾಲು ಚಾಚಬೇಕೆಂದು ಬಿಡಿಸಿದ ಜಾಗ ಅದು.